ರುನಿಟ್ ಗುಮ್ಮಟಕ್ಕೆ ತಳವಿಲ್ಲ

ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ ಎನೆವೆಟಾಕ್ ಎಂಬ ಹವಳದ ದ್ವೀಪಸಮೂಹವಿದೆ. ಅದಕ್ಕೆ ಸೇರಿದ ರುನಿಟ್ ದ್ವೀಪದ ತುದಿಯಲ್ಲಿ, ಕಡಲಂಚಿಗೇ, ಸುಮಾರು 115 ಮೀಟರ್ ಅಗಲದ ಕಾಂಕ್ರೀಟ್ ಗುಮ್ಮಟ ಕಾಣುತ್ತದೆ. 1958ರ ಮೇ ತಿಂಗಳಲ್ಲಿ ಅಮೆರಿಕ ಸಿಡಿಸಿದ ‘ಕ್ಯಾಕ್ಟಸ್’ ಬಾಂಬು ಕೊರೆದ ಗುಂಡಿ ಅದರ ಕೆಳಗಿದೆ. 1977ರಿಂದ 1980ರವರೆಗೆ ಅಮೆರಿಕದ ಸೈನಿಕರು ಸುತ್ತಲಿನ ದ್ವೀಪಗಳಿಂದ ವಿಕಿರಣ ಸೇರಿದ ಮಣ್ಣು, ಅವಶೇಷಗಳನ್ನು ಕೆರೆದು ತಂದರು. ಸುಮಾರು 73,000 ಘನ ಮೀಟರ್‌ನಷ್ಟನ್ನು ಆ ಗುಂಡಿಗೆ ತುಂಬಿ, ಮೇಲೆ ಒಂದೂವರೆ ಅಡಿ ದಪ್ಪದ ಕಾಂಕ್ರೀಟ್ ಮುಚ್ಚಿದರು. ತಳಕ್ಕೆ ಏನನ್ನೂ ಹಾಸಲಿಲ್ಲ. ಅಲ್ಲಿರುವುದು ಸ್ಫೋಟಕ್ಕೆ ಬಿರುಕುಬಿಟ್ಟ ಹವಳದ ಬಂಡೆ. ಅದರೊಳಗಿನ ಅಂತರ್ಜಲ ಸಮುದ್ರದ ಉಬ್ಬರವಿಳಿತದ ಜೊತೆಗೇ ಏರುತ್ತದೆ, ಇಳಿಯುತ್ತದೆ.

ಗುಮ್ಮಟ ಕುಸಿಯುವ ಅಪಾಯ ಸದ್ಯಕ್ಕಿಲ್ಲ, ಕಾಣುವ ಬಿರುಕುಗಳು ಮೇಲ್ಮೈಯವು ಎಂದು ಅಮೆರಿಕದ ಇಂಧನ ಇಲಾಖೆ 2020ರ ವರದಿಯಲ್ಲಿ ಹೇಳಿದೆ. ಗುಮ್ಮಟದೊಳಗೆ ಇರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಪ್ಲುಟೋನಿಯಂ ಹೊರಗಿನ ಲಗೂನಿನ (ಹವಳ ದ್ವೀಪಗಳು ಸುತ್ತುವರಿದ ಕಡಲ ನೀರಿನ) ತಳದ ಕೆಸರಿನಲ್ಲೇ ಬಿದ್ದಿದೆ ಎಂದೂ ವಿಜ್ಞಾನಿಗಳು ಅಳೆದಿದ್ದಾರೆ. ಈ ಅಳತೆಗಳನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವನ್ನು ಸಮಾಧಾನದ ಮಾತಾಗಿ ಬಳಸುವುದನ್ನು ಒಪ್ಪಲಾರೆ. ಮೀನು ಹಿಡಿದು ಬದುಕುವ ಕುಟುಂಬಕ್ಕೆ ವಿಷ ಗುಮ್ಮಟದೊಳಗಿದೆಯೋ ಲಗೂನಿನಲ್ಲಿದೆಯೋ ಎಂಬುದರಿಂದ ಯಾವ ನೆಮ್ಮದಿಯೂ ಸಿಗದು. ಪ್ಲುಟೋನಿಯಂ-239ರ ಅರ್ಧಾಯು 24,000 ವರ್ಷಕ್ಕೂ ಹೆಚ್ಚು. ‘ಸದ್ಯಕ್ಕೆ’ ಎಂಬ ಮಾತು ಆ ಲೆಕ್ಕಕ್ಕೆ ತೀರ ಚಿಕ್ಕದು.

ಇಂಥ ಭರವಸೆ ಹಿಂದೆಯೂ ಎರಡು ಸಲ ಮುರಿದಿದೆ. 1954ರ ಮಾರ್ಚ್ 1ರಂದು ಮಾರ್ಷಲ್ ದ್ವೀಪಗಳದ್ದೇ ಆದ ಬಿಕಿನಿಯಲ್ಲಿ ಸಿಡಿದ ‘ಬ್ರಾವೋ’ ಬಾಂಬು 15 ಮೆಗಾಟನ್‌ನದು, ಅಂದಾಜು ಮಾಡಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಕೆಲವೇ ಗಂಟೆಗಳಲ್ಲಿ ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಪುಡಿ ಉದುರಿತು. ಅದು ಸುಟ್ಟು ಪುಡಿಯಾದ ಹವಳ. ಮಕ್ಕಳು ಅದರಲ್ಲಿ ಆಡಿದರು; ಮುಂದೆ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಥೈರಾಯ್ಡ್ ಗಂಟುಗಳು ಕಾಣಿಸಿಕೊಂಡವು. ಸ್ಫೋಟದ ಬಳಿಕ ತೆರವುಗೊಳಿಸಿದ್ದ ಊರಿನವರನ್ನು 1957ರಲ್ಲಿ ಊರು ಸುರಕ್ಷಿತವೆಂದು ಹೇಳಿ ವಾಪಸು ಕರೆತಂದರು. 1985ರಲ್ಲಿ ಅವರೇ ಊರು ಬಿಟ್ಟು ಹೊರಟರು. ಸಾಗಿಸಿದ್ದು ಗ್ರೀನ್‌ಪೀಸ್‌ನ ಹಡಗು.

ಬಿಕಿನಿಯ ಕಥೆ ಇನ್ನೂ ಕಲಿಸುವಂಥದ್ದು. ಪರೀಕ್ಷೆಗಳಿಗಾಗಿ ಊರು ಬಿಟ್ಟಿದ್ದ ಜನ ಅಲ್ಲಿಗೆ ಮರಳಬಹುದು ಎಂದು 1968ರಲ್ಲಿ ಅಮೆರಿಕದ ಅಧ್ಯಕ್ಷರೇ ಘೋಷಿಸಿದರು. ಕೆಲವು ಕುಟುಂಬಗಳು ಹೋಗಿ ನೆಲೆಸಿದವು, ಅಲ್ಲಿ ಬೆಳೆದ ತೆಂಗಿನಕಾಯಿ ತಿಂದವು. ಹವಳದ ಮಣ್ಣಿನಲ್ಲಿ ಸುಣ್ಣದಂಶ ಹೇರಳ, ಪೊಟ್ಯಾಷ್ ಬಲು ಕಡಿಮೆ. ಸೀಸಿಯಂ-137 ರಾಸಾಯನಿಕವಾಗಿ ಪೊಟ್ಯಾಷಿಯಂನ ದಾಯಾದಿ. ಹಸಿದ ಬೇರು ಎರಡರ ನಡುವೆ ಭೇದ ಮಾಡದೆ ಸೀಸಿಯಂ ಅನ್ನೇ ಎಳೆದುಕೊಂಡು ಎಳನೀರಿಗೂ ತಿರುಳಿಗೂ ತುಂಬುತ್ತದೆ. ಜನರ ಮೈಯಲ್ಲಿ ಸೀಸಿಯಂ ಮಟ್ಟ ಏರಿದ್ದನ್ನು ಅಳೆದು ನೋಡಿ, 1978ರಲ್ಲಿ ಎಲ್ಲರನ್ನೂ ಮತ್ತೆ ತೆರವುಗೊಳಿಸಬೇಕಾಯಿತು. ತೆಂಗಿನ ಬುಡಕ್ಕೆ ಪೊಟ್ಯಾಷ್ ಗೊಬ್ಬರ ಹಾಕಿದರೆ ಸೀಸಿಯಂ ಹೀರುವಿಕೆ ಬಹಳ ತಗ್ಗುತ್ತದೆ ಎಂದು ಆಮೇಲೆ ಪ್ರಯೋಗಗಳು ತೋರಿಸಿದವು. ಅಷ್ಟರೊಳಗೆ ಆ ಕುಟುಂಬಗಳ ತೋಟ ಎರಡನೆಯ ಸಲ ಕೈತಪ್ಪಿತ್ತು. ಇಂದು ಹೊರಗಿನಿಂದ ಬರುವ ಅಕ್ಕಿ, ಡಬ್ಬಿ ಮಾಂಸಗಳೇ ಮಾರ್ಷಲ್ ದ್ವೀಪಗಳ ಮುಖ್ಯ ಊಟ. ಸಕ್ಕರೆ ಕಾಯಿಲೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಇದೂ ಒಂದು.

ಈಗ ಕಡಲೇ ಏರುತ್ತಿದೆ. ಈ ದ್ವೀಪಗಳ ಎತ್ತರ ಸರಾಸರಿ ಎರಡು ಮೀಟರ್ ಮಾತ್ರ. ಕ್ವಾಜಲೀನ್‌ನ ರೊಯ್-ನಮೂರ್ ದ್ವೀಪವನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು 2018ರಲ್ಲಿ ಎಚ್ಚರಿಸಿದ್ದು ಹೀಗೆ: ಮುಳುಗುವುದಕ್ಕೂ ಬಹಳ ಮೊದಲೇ, ಈ ಶತಮಾನದ ನಡುಭಾಗದ ಹೊತ್ತಿಗೆ, ಬಂಡೆ ದಾಟಿ ಬರುವ ಅಲೆಗಳು ಕುಡಿಯುವ ನೀರನ್ನು ಉಪ್ಪಾಗಿಸಿ ಬಹುತೇಕ ಹವಳ ದ್ವೀಪಗಳನ್ನು ವಾಸಕ್ಕೆ ಅಯೋಗ್ಯ ಮಾಡಬಹುದು. ರುನಿಟ್‌ನ ಗುಮ್ಮಟಕ್ಕೂ ಅದೇ ಅಲೆ, ಅದೇ ಅಂತರ್ಜಲ. ನೀರು ಏರಿದಷ್ಟೂ ತಳವಿಲ್ಲದ ಗುಂಡಿಯಲ್ಲಿ ಹರಿದಾಟ ಹೆಚ್ಚುತ್ತದೆ. ಚಂಡಮಾರುತ ಬಂದರೆ ಲಗೂನಿನ ಕೆಸರೂ ಕದಡುತ್ತದೆ. ನನ್ನ ದೃಷ್ಟಿಯಲ್ಲಿ ನಿಜವಾದ ಅಪಾಯ ಈ ಎರಡೂ ಸೇರುವುದರಲ್ಲಿದೆ.

ಬ್ರಾವೋ ಸ್ಫೋಟದ ಮರುತಿಂಗಳು, 1954ರ ಏಪ್ರಿಲ್ 2ರಂದು, ಪರೀಕ್ಷೆಗಳನ್ನು ಕೂಡಲೇ ನಿಲ್ಲಿಸಿ ಎಂದು ಲೋಕಸಭೆಯಲ್ಲಿ ಕರೆ ಕೊಟ್ಟವರು ಜವಾಹರಲಾಲ್ ನೆಹರೂ. ಪರೀಕ್ಷೆಗಳು 1958ರವರೆಗೂ ಮುಂದುವರಿದು, ಮಾರ್ಷಲ್ ದ್ವೀಪಗಳಲ್ಲಿ ಒಟ್ಟು 67 ಆದವು. ಆಗ ಈ ದ್ವೀಪಗಳು ವಿಶ್ವಸಂಸ್ಥೆ ಅಮೆರಿಕದ ಪಾಲನೆಗೆ ಒಪ್ಪಿಸಿದ ಪ್ರದೇಶವಾಗಿದ್ದವು. 1986ರ ಒಪ್ಪಂದದಲ್ಲಿ 150 ಮಿಲಿಯನ್ ಡಾಲರ್ ನಿಧಿ ಕೊಟ್ಟು ಎಲ್ಲ ಬೇಡಿಕೆಯೂ ತೀರಿತು ಎಂದು ಅಮೆರಿಕ ಬರೆಸಿಕೊಂಡಿತು. ಅದೇ ಒಪ್ಪಂದದಡಿಯ ಪರಿಹಾರ ನ್ಯಾಯಮಂಡಳಿ ಮಂಜೂರು ಮಾಡಿದ್ದು ಎರಡು ಬಿಲಿಯನ್‌ಗೂ ಹೆಚ್ಚು. ಹಣ ಮುಗಿದು, ಬಹುಪಾಲು ಬಾಕಿಯಾಗಿಯೇ ಉಳಿಯಿತು.

ಈಗ ಆಗಬೇಕಾದದ್ದು ಇಷ್ಟು. ರುನಿಟ್ ಗುಮ್ಮಟದ ಅಡಿಯ ಅಂತರ್ಜಲದ ಅಳತೆಯನ್ನು ಹೊರಗಿನ ಸ್ವತಂತ್ರ ವಿಜ್ಞಾನಿಗಳಿಂದ ಮಾಡಿಸಬೇಕು. ಅದರ ಅಂಕಿಗಳನ್ನು ಮಾರ್ಷಲೀಸ್ ಭಾಷೆಯಲ್ಲಿ ಎನೆವೆಟಾಕ್‌ನ ಮನೆಮನೆಗೂ ಮುಟ್ಟಿಸಬೇಕು. ಖರ್ಚನ್ನು ಬಾಂಬು ಹಾಕಿದವರೇ ಭರಿಸಬೇಕು, ಅದೂ ನೀರು ಇನ್ನಷ್ಟು ಏರುವ ಮೊದಲು.