ಬಿಡಿ ನಾಲಿಗೆ ಎಷ್ಟು ಬಿಗಿಯಿರಬೇಕು?

ಸಿದ್ದಾಪುರದ ಬೋಧನಾಭ್ಯಾಸದಲ್ಲಿ 8ನೇ ತರಗತಿಯ ಘರ್ಷಣೆಯ ಪಾಠ ನನ್ನ ಪಾಲಿಗೆ ಬಂದಿತ್ತು. ತರಗತಿಯ ಬೆಂಚೊಂದರ ಅಡ್ಡಪಟ್ಟಿಯ ನಾಲಿಗೆ ಕಾಲಿನ ತೂತಿನೊಳಗೇ ಮುರಿದು ಉಳಿದಿತ್ತು. ಅದರ ರಿಪೇರಿಯನ್ನೇ ಪ್ರಾತ್ಯಕ್ಷಿಕೆ ಮಾಡಿಕೊಂಡೆ. ಪಟ್ಟಿಯಲ್ಲೇ ಹೊಸ ನಾಲಿಗೆ ಕೊರೆದರೆ ಪಟ್ಟಿ ಗಿಡ್ಡವಾಗುತ್ತದೆ. ಹಾಗಾಗಿ ಕಾಲು, ಪಟ್ಟಿ ಎರಡರಲ್ಲೂ ತೂತು ಮಾಡಿ, ನಡುವೆ ಬೇರೆ ಮರದ ತುಂಡು ಕೂರಿಸಬೇಕು. ಅದೇ ಬಿಡಿ ನಾಲಿಗೆ.

‘ಬಿಗಿ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು, ಜೋಡಣೆ ಗಟ್ಟಿ’ ಎಂದು ಪಾಠಯೋಜನೆಯಲ್ಲಿ ಬರೆದಿದ್ದೆ. ಅಂಟು ಬಳಿದು ಕೊಡತಿಯಿಂದ ಬಡಿದೆ. ನಾಲಿಗೆ ಅರ್ಧಕ್ಕೆ ನಿಂತಿತು. ಇನ್ನೊಂದೇಟಿಗೆ ಕಾಲು ಉದ್ದಕ್ಕೂ ಸೀಳಿತು. ಮೂವರು ಮಕ್ಕಳು ಆ ವಾರವೆಲ್ಲ ನೆಲದ ಮೇಲೆ ಕೂತರು.

ಊರಿನ ಬಡಗಿಯೊಬ್ಬರು ಕೇಳಿದ್ದು ಒಂದೇ ಮಾತು: “ಅಂಟು ಹಚ್ಚೋಕೆ ಮುಂಚೆ ಕೈಯಾಗೆ ತಳ್ಳಿ ನೋಡಿದ್ರಾ, ಮೇಷ್ಟ್ರೇ?”

ಅಂಟಿಲ್ಲದಾಗ ನಾಲಿಗೆ ಕೈಯ ಒತ್ತಿಗೆ ಒಳಗೆ ಹೋಗಬೇಕು, ತಲೆಕೆಳಗು ಹಿಡಿದರೆ ಬೀಳಬಾರದು. ಅಂಟಿನ ಜೋಡಣೆಯನ್ನು ಹಿಡಿಯುವುದು ನಾಲಿಗೆಯ ಎರಡು ಅಗಲ ಮುಖಗಳ ಮೇಲಿನ ತೆಳುವಾದ ಅಂಟಿನ ಪದರ. ಅತಿ ಬಿಗಿಯಾದರೆ ತೂತಿನ ಬಾಯಿಯೇ ಆ ಅಂಟನ್ನು ಕೆರೆದು ಹಾಕುತ್ತದೆ. ಬಿಳಿ ಅಂಟಿನ ನೀರಿಗೆ ಮರ ಉಬ್ಬಿ ಬಿಗಿ ಇನ್ನೂ ಹೆಚ್ಚುತ್ತದೆ. ದಪ್ಪ ನಾಲಿಗೆ ತೂತಿನ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ, ಮರ ಎಳೆಯ ಗುಂಟ ಸೀಳುತ್ತದೆ. ನನ್ನ ಬೆಂಚಿಗೆ ಆದದ್ದು ಅದೇ.

ಆದ್ದರಿಂದ ನಿಖರತೆ ಬೇಕಾದದ್ದು ದಪ್ಪದಲ್ಲಿ. ಅಗಲದಲ್ಲಿ 1 ಮಿ.ಮೀ. ಸಡಿಲವಿದ್ದರೂ ನಷ್ಟವಿಲ್ಲ, ಏಕೆಂದರೆ ತೂತಿನ ಎರಡು ತುದಿಗಳಲ್ಲಿರುವುದು ಎಳೆ ಕತ್ತರಿಸಿದ ಮುಖ, ಅಲ್ಲಿ ಅಂಟು ಸರಿಯಾಗಿ ಹಿಡಿಯದು. ಉದ್ದದಲ್ಲಿ ಎರಡೂ ಕಡೆ 1 ಮಿ.ಮೀ.ಯಷ್ಟು ಕಡಿಮೆ ಇಟ್ಟರೆ ಹೆಚ್ಚಿನ ಅಂಟಿಗೆ ಜಾಗ ಸಿಗುತ್ತದೆ. ನಾಲಿಗೆಯ ಎಳೆ ಅದರ ಉದ್ದಕ್ಕೇ ಇರಬೇಕು, ಅಡ್ಡಲಾದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಬಿಗಿಯಿದ್ದರೆ ಒಂದೊಂದೇ ಸಿಪ್ಪೆ ಹೆರೆದು ಮತ್ತೆ ತಳ್ಳಿ ನೋಡಬೇಕು. ಉಜ್ಜುಕಾಗದ ಬೇಡ, ಅಂಚು ದುಂಡಾಗುತ್ತದೆ. ಸಡಿಲಾದರೆ ಅಂಟು ತುಂಬಿಸುವುದಲ್ಲ, ತೆಳು ಮರದ ಹಾಳೆಯೊಂದನ್ನು ಮುಖಕ್ಕೆ ಅಂಟಿಸಿ ಮತ್ತೆ ಹೆರೆಯಬೇಕು. ನಮ್ಮ ಒಣಹವೆಯಲ್ಲಿ ಹಸಿಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಇಂದು ಸರಿಯಾಗಿ ಕೂತ ಹಸಿ ನಾಲಿಗೆ ಬೇಸಿಗೆಗೆ ಅಲುಗಾಡುತ್ತದೆ.

ಮರುಪಾಠಕ್ಕೆ ಬಿಗಿ, ಸರಿ, ಸಡಿಲ ಎಂದು ಮೂರು ನಾಲಿಗೆ ಒಯ್ದು ಮಕ್ಕಳ ಕೈಗೇ ಕೊಟ್ಟೆ. ರೇಷ್ಮೆ ಸೀರೆ ನೇಯುವ ಮನೆಯ ಹುಡುಗಿಯೊಬ್ಬಳು, “ನಮ್ ಮಗ್ಗಕ್ಕೆ ಅಂಟೇ ಇಲ್ಲ, ಬೆಣೆ ಹೊಡೀತಾರೆ ಸಾರ್” ಎಂದಳು. ಅಲ್ಲಿ ಹಿಡಿದಿರುವುದು ಘರ್ಷಣೆ. ನನ್ನ ಪಾಠಕ್ಕೆ ಬೇಕಿದ್ದ ಉದಾಹರಣೆ ಅವಳ ಮನೆಯಲ್ಲಿತ್ತು. ಯೋಜನೆಯ ಆ ವಾಕ್ಯವನ್ನು ಹೊಡೆದುಹಾಕಿ, ಮೊದಲ ಚಟುವಟಿಕೆಯಾಗಿ ಬೆಣೆಯನ್ನೇ ಬರೆದೆ.