ಜೇಬಿನ ಆಟ ಟಿ.ವಿ.ಗೆ ಏರಿದ ಕಥೆ

ಜಪಾನಿನ ಬುಲೆಟ್ ರೈಲಿನಲ್ಲಿ ಹೊತ್ತು ಹೋಗದ ಪ್ರಯಾಣಿಕನೊಬ್ಬ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕೂತಿದ್ದ. ಅದನ್ನು ಕಂಡ ನಿಂಟೆಂಡೊ ಕಂಪನಿಯ ಗುನ್‌ಪೇ ಯೊಕೊಯ್ ಅವರಿಗೆ ಜೇಬಿಗೆ ಹಿಡಿಸುವ ಆಟದ ಯೋಚನೆ ಹೊಳೆಯಿತು. 1980ರ ‘ಗೇಮ್ ಆ್ಯಂಡ್ ವಾಚ್’ ಹುಟ್ಟಿದ್ದು ಹಾಗೆ. ಕ್ಯಾಲ್ಕುಲೇಟರ್ ಪರದೆಗಳು ಆಗಲೇ ಅಗ್ಗವಾಗಿದ್ದವು. ಯೊಕೊಯ್ ಅವನ್ನೇ ಬಳಸಿದರು. ಅದೇ ಸರಣಿಯ 1982ರ ‘ಡಾಂಕಿ ಕಾಂಗ್’ಗೆ ಅವರು ಕೂರಿಸಿದ ಪ್ಲಸ್ ಆಕಾರದ ಗುಂಡಿಯ ಮೇಲೆ ಎಡ ಹೆಬ್ಬೆರಳಿಟ್ಟರೆ ಸಾಕು, ಕಣ್ಣು ಕೆಳಗಿಳಿಸದೆ ನಾಲ್ಕೂ ದಿಕ್ಕಿಗೆ ಓಡಬಹುದಿತ್ತು. ಮರುವರ್ಷ ಟಿ.ವಿ.ಗೆ ಜೋಡಿಸುವ ಫ್ಯಾಮಿಕಾಮ್ ಕನ್ಸೋಲ್ ಕೂಡ ಅದೇ ಗುಂಡಿಯನ್ನು ಎರವಲು ಪಡೆಯಿತು.

1989ರಲ್ಲಿ ನಿಂಟೆಂಡೊದ ಕೈಯ ಸಾಧನ ಗೇಮ್ ಬಾಯ್ ಬಂತು. ಬಣ್ಣವಿಲ್ಲ, ಪರದೆಗೆ ಹಿಂಬದಿ ಬೆಳಕೂ ಇಲ್ಲ. ಮರುವರ್ಷ ಬಂದ ಸೆಗಾ ಕಂಪನಿಯ ಗೇಮ್ ಗಿಯರ್‌ನಲ್ಲಿ ಎರಡೂ ಇದ್ದವು; ಆದರೆ ಅದು ಆರು ಸೆಲ್‌ಗಳನ್ನು ಮೂರರಿಂದ ಐದು ಗಂಟೆಯಲ್ಲಿ ಬರಿದು ಮಾಡುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್‌ಗಳಲ್ಲಿ ಹತ್ತು ಗಂಟೆಗೂ ಹೆಚ್ಚು ಓಡುತ್ತಿತ್ತು. ನಂತರದ ಬಣ್ಣದ ಮಾದರಿಯೂ ಸೇರಿ ಅದು 11.8 ಕೋಟಿಗೂ ಹೆಚ್ಚು ಮಾರಾಟವಾಯಿತು.

ಬಹುಕಾಲ ಕೈಯ ಸಾಧನ ಬೇರೆ, ಟಿ.ವಿ.ಯ ಪೆಟ್ಟಿಗೆ ಬೇರೆ ಎಂದೇ ನಡೆದುಬಂತು. 2012ರ ವೀ ಯು ಕನ್ಸೋಲ್ ಸೋತ ಮೇಲೆ ನಿಂಟೆಂಡೊ ಎರಡನ್ನೂ ಬೆಸೆಯಿತು. 2017ರ ‘ಸ್ವಿಚ್’ ಅನ್ನು ಟಿ.ವಿ.ಗೆ ಜೋಡಿಸಿದ ಡಾಕ್ ಎಂಬ ತೊಟ್ಟಿಲಿಗೆ ಇಳಿಸಿದೊಡನೆ ಕೈಯಲ್ಲಿದ್ದ ಚಿತ್ರ ಟಿ.ವಿ.ಗೆ ಜಿಗಿಯುತ್ತದೆ, ಗೋಡೆಯ ವಿದ್ಯುತ್ ಸಿಕ್ಕಿದ್ದೇ ತಡ, ಚಿಪ್ ವೇಗ ಹೆಚ್ಚಿಸಿಕೊಳ್ಳುತ್ತದೆ. 15 ಕೋಟಿಗೂ ಹೆಚ್ಚು ಸ್ವಿಚ್‌ಗಳು ಮಾರಾಟವಾದವು. 2022ರಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಪಿ.ಸಿ. ಆಟಗಳನ್ನೂ ಅಂಗೈಗೆ ತಂದಿತು.

ಹಾಗಾದರೆ ಕನ್ಸೋಲ್‌ಗಳ ಕಾಲ ಮುಗಿಯಿತೇ? ಇಲ್ಲ. ಪ್ಲೇಸ್ಟೇಷನ್ 5 ದೊಡ್ಡ ಆಟ ಆಡಿಸುವಾಗ 200 ವ್ಯಾಟ್‌ನಷ್ಟು ವಿದ್ಯುತ್ ಬಳಸುತ್ತದೆ; ಸ್ಟೀಮ್ ಡೆಕ್‌ನ ಚಿಪ್‌ಗೆ ಸಿಗುವುದು ಹೆಚ್ಚೆಂದರೆ 15 ವ್ಯಾಟ್. ಅದಕ್ಕಿಂತ ಬಹಳ ಮೀರಿದರೆ ಕೈ ಬಿಸಿಯಾಗುತ್ತದೆ, ಬ್ಯಾಟರಿ ಬರಿದಾಗುತ್ತದೆ. ಈ ಅಂತರ ಬೇಗ ಅಳಿಯುವಂಥದ್ದಲ್ಲ. ಆದರೆ ಆಟಗಾರನ ದಿನಕ್ಕೆ ಹೊಂದಿಕೊಳ್ಳುವ ಗುಣ ಕೈಯ ಸಾಧನಕ್ಕಿದೆ: ಬಸ್ಸಿನಲ್ಲಿ ಅರ್ಧಕ್ಕೆ ನಿಲ್ಲಿಸಿದ ಆಟ ಮನೆಯಲ್ಲಿ ಅಲ್ಲಿಂದಲೇ ಮುಂದುವರಿಯುತ್ತದೆ. ಆದ್ದರಿಂದ ಪೆಟ್ಟಿಗೆಯೊಂದಿಗೆ ಅದು ಬಲದ ಪೈಪೋಟಿಗೆ ಇಳಿಯಬಾರದು. ಅಗ್ಗದ, ಪಳಗಿದ ತಂತ್ರಜ್ಞಾನದಿಂದ ಹೊಸ ಆಟ ಹುಟ್ಟಿಸಬೇಕೆಂಬುದೇ ಯೊಕೊಯ್ ಅವರ ನಂಬಿಕೆಯಾಗಿತ್ತು. ಕೈಯ ಸಾಧನದ ವಿದ್ಯುತ್ ಮಿತಿಯನ್ನು ಗೌರವಿಸಿ ಆಟ ಕಟ್ಟುವವರ ಕೈಯಲ್ಲೇ ನಾಳೆಯಿದೆ.