ದೋಣಿಯ ಎಂಜಿನ್ನಿಗೊಂದು ಬೆಲ್ಟು

ಮಲ್ಪೆಯ ಬಂದರಿನಿಂದ ಆಳಸಮುದ್ರಕ್ಕೆ ಹೊರಡುವ ಯಾಂತ್ರಿಕ ದೋಣಿ ಹಲವು ದಿನಗಳ ಕಾಲ ದಡವನ್ನು ಕಾಣುವುದಿಲ್ಲ. ಅದರ ಒಡಲಿನಲ್ಲಿರುವ ಡೀಸೆಲ್ ಎಂಜಿನ್ನು ಉಕ್ಕು ಮತ್ತು ಎರಕದ ಕಬ್ಬಿಣಗಳಿಂದಾದ ಭಾರಿ ಯಂತ್ರ. ಇಂಥ ಯಂತ್ರದ ಆರೋಗ್ಯವೂ ಅನೇಕ ದೋಣಿಗಳಲ್ಲಿ ಬೆರಳಗಲದ ರಬ್ಬರು ಬೆಲ್ಟೊಂದನ್ನು ಅವಲಂಬಿಸಿರುವುದು ಸೋಜಿಗದ ಸಂಗತಿ. ಎಂಜಿನ್ನಿನ ಮುಂಭಾಗದ ಪುಲ್ಲಿಯಿಂದ ಶಕ್ತಿಯನ್ನು ಪಡೆದು, ತಂಪುನೀರಿನ ಪಂಪನ್ನೂ ಬ್ಯಾಟರಿಗೆ ವಿದ್ಯುತ್ತು ತುಂಬುವ ಆಲ್ಟರ್ನೇಟರನ್ನೂ ತಿರುಗಿಸುವುದು ಈ ಬೆಲ್ಟಿನ ಕೆಲಸ. ಅದು ಹರಿದರೆ ಪಂಪು ನಿಲ್ಲುತ್ತದೆ. ನೀರು ಹರಿಯದೆ ಎಂಜಿನ್ನು ಬೇಗನೆ ಕಾದುಹೋಗುತ್ತದೆ. ಓಡಿಸಿದರೆ ಎಂಜಿನ್ನು ಕೆಡುವುದು; ನಿಲ್ಲಿಸಿದರೆ ದೋಣಿ ಗಾಳಿ ಮತ್ತು ಪ್ರವಾಹಗಳ ವಶವಾಗುವುದು.

ಆದುದರಿಂದ ಬಿಡಿ ಬೆಲ್ಟುಗಳು ದೋಣಿಯಲ್ಲಿ ಇರಲೇಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಣ್ಣ ದೋಣಿಯ ಒಡೆಯನಿಗೆ ಪ್ರತಿಯೊಂದು ಖರ್ಚೂ ಲೆಕ್ಕದ್ದೇ. ಅಗ್ಗವಾಗಿ ಕೊಳ್ಳುವುದು ಹೇಗೆ? ಎಲ್ಲಿ ಉಳಿತಾಯ ಮಾಡಬಹುದು, ಎಲ್ಲಿ ಮಾಡಬಾರದು? ಇದಕ್ಕೆ ಉತ್ತರ ಅಂಗಡಿಗಿಂತ ಮೊದಲು ಭೌತವಿಜ್ಞಾನದಲ್ಲಿ ದೊರೆಯುತ್ತದೆ.

ಧಕ್ಕೆಯಲ್ಲಿ ದೋಣಿ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಸುತ್ತಿ, ತುದಿಯನ್ನು ಒಬ್ಬನೇ ಆಳು ಹಿಡಿದರೆ ಸಾಕು, ಅಷ್ಟು ದೊಡ್ಡ ದೋಣಿ ಅಲ್ಲಾಡದೆ ನಿಲ್ಲುತ್ತದೆ. ಹಗ್ಗಕ್ಕೂ ಗೂಟಕ್ಕೂ ನಡುವಣ ಘರ್ಷಣೆಯೇ ಇದಕ್ಕೆ ಕಾರಣ. 18ನೆಯ ಶತಮಾನದ ಗಣಿತಜ್ಞ ಆಯ್ಲರನು ಇದನ್ನು ಲೆಕ್ಕಕ್ಕೆ ತಂದನು. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, ಒಂದು ಸುತ್ತಿಗೆ ಕೈಯ ಬಲದ 6.6 ಪಟ್ಟು ಎಳೆತವನ್ನು ತಡೆಯಬಹುದು. ಮೂರು ಸುತ್ತಿಗೆ ಅದು ಸುಮಾರು 286 ಪಟ್ಟಾಗುತ್ತದೆ. ಪುಲ್ಲಿಯ ಮೇಲಿನ ಬೆಲ್ಟು ಇಂಥ ಹಗ್ಗವೇ. ಆದರೆ ಅದು ಸಾಮಾನ್ಯವಾಗಿ ಅರ್ಧ ಸುತ್ತಿನಷ್ಟೇ ಪುಲ್ಲಿಯನ್ನು ತಬ್ಬುತ್ತದೆ. ಚಪ್ಪಟೆಯಾದ ಬೆಲ್ಟಾದರೆ ಬಿಗಿಯಾದ ಬದಿಯ ಎಳೆತವು ಸಡಿಲ ಬದಿಯದರ 2.6 ಪಟ್ಟನ್ನು ದಾಟಿದೊಡನೆ ಜಾರಿಬಿಡುತ್ತದೆ.

ಈ ಕೊರತೆಯನ್ನು ನೀಗಿದ್ದು ಬೆಣೆಯಾಕಾರದ ಬೆಲ್ಟು. ಅಮೆರಿಕದ ಜಾನ್ ಗೇಟ್ಸ್ ಎಂಬುವರು 1917ರಲ್ಲಿ ಇಂಥ ರಬ್ಬರು ಬೆಲ್ಟನ್ನು ರೂಪಿಸಿದರು. ಅದರ ಮೈ ಮೇಲೆ ಅಗಲ, ಕೆಳಗೆ ಕಿರಿದು. ಪುಲ್ಲಿಯ ಅಂಚಿನಲ್ಲಿ ಕೊರೆದ ತೋಡಿನೊಳಗೆ ಅದು, ಮರ ಸೀಳುವ ಬೆಣೆಯಂತೆ, ಎರಡು ಪಕ್ಕಗಳನ್ನೂ ಒತ್ತಿಕೊಂಡು ಕೂರುತ್ತದೆ. ತೋಡಿನ ಕೋನ 38 ಡಿಗ್ರಿಯಾದರೆ ಘರ್ಷಣೆಯ ಹಿಡಿತ ಮೂರು ಮಡಿಯಾದಂತೆ ಆಗಿ, ಮೇಲೆ ಹೇಳಿದ 2.6 ಪಟ್ಟು ಸುಮಾರು 18 ಪಟ್ಟಿಗೇರುತ್ತದೆ.

ಇದರಿಂದ ಕೊಳ್ಳುವವನು ನೆನಪಿಡಬೇಕಾದ ತತ್ತ್ವ ಒಂದೇ: ದುಡಿಯುವುದು ಬೆಲ್ಟಿನ ಪಕ್ಕಗಳು, ತಳವಲ್ಲ. ಅಗಲ ಕಡಮೆಯಾದ ಬೆಲ್ಟನ್ನು ಬೆಲೆಯ ಆಸೆಯಿಂದ ಹಾಕಿದರೆ ಅದು ತೋಡಿನ ತಳಕ್ಕೆ ಇಳಿದು ಬೆಣೆಯ ಗುಣವನ್ನೇ ಕಳೆದುಕೊಳ್ಳುತ್ತದೆ. ಬಳಿಕ ಜಾರುತ್ತದೆ, ಕಾಯುತ್ತದೆ, ಹರಿಯುತ್ತದೆ. ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟೋ ಪುಲ್ಲಿಯೋ ಸವೆದಿದೆಯೆಂದು ತಿಳಿಯಬೇಕು.

ಇನ್ನು ಅಳತೆಯ ವಿಚಾರ. ಎಂಜಿನ್ ತಯಾರಕರು ಸಾಮಾನ್ಯವಾಗಿ ಬೆಲ್ಟನ್ನು ತಾವೇ ಮಾಡುವುದಿಲ್ಲ. ಬೆಲ್ಟಿನ ಕಾರ್ಖಾನೆಗಳಿಂದ ತರಿಸಿ, ತಮ್ಮ ಸಂಖ್ಯೆಯನ್ನು ಹಾಕಿ ಮಾರುತ್ತಾರೆ. ಹಾಗಾಗಿ ಪಂಪುಸೆಟ್ಟು, ಹಿಟ್ಟಿನ ಗಿರಣಿ, ಲಾರಿಗಳಿಗೆ ಬೆಲ್ಟು ಮಾರುವ ಅಂಗಡಿಯಲ್ಲಿಯೂ ಅದೇ ಅಳತೆಯದು ಸಿಗುವ ಸಂಭವ ಹೆಚ್ಚು. ಆದರೆ ಅಲ್ಲಿ ಕೇಳಬೇಕಾದುದು ಎಂಜಿನ್ನಿನ ಹೆಸರನ್ನಲ್ಲ, ಬೆಲ್ಟಿನ ಬೆನ್ನಿನ ಮೇಲಿರುವ ಸಂಖ್ಯೆಯನ್ನು. ‘ಎ’ ವರ್ಗದ ಬೆಲ್ಟು 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ, ‘ಬಿ’ ವರ್ಗದ್ದು 17 ಮತ್ತು 11. ‘ಎ 38’ ಎಂದರೆ ಒಳಸುತ್ತಳತೆ 38 ಅಂಗುಲ, ಅಂದರೆ 965 ಮಿ.ಮೀ. ವಾಹನಗಳ ಬೆಲ್ಟುಗಳಲ್ಲಾದರೋ ಹೊರಸುತ್ತಳತೆಯನ್ನು ಬರೆಯುವ ಪದ್ಧತಿಯುಂಟು. ವೃತ್ತದ ಪರಿಧಿಯ ಸೂತ್ರವನ್ನು ಬಲ್ಲವರಿಗೆ ಇವೆರಡರ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ: ದಪ್ಪದ 6.28 ಪಟ್ಟು. ‘ಎ’ ವರ್ಗಕ್ಕೆ ಇದು 50 ಮಿ.ಮೀ. ಆಗುತ್ತದೆ. ಒಂದನ್ನು ಇನ್ನೊಂದೆಂದು ಭಾವಿಸಿ ಕೊಂಡ ಬೆಲ್ಟು ಎರಡಂಗುಲ ಗಿಡ್ಡವಾಗಿ, ನಡುಗಡಲಿನಲ್ಲಿ ಪುಲ್ಲಿಗೆ ಏರದೆ ಹೋದೀತು.

ಸಂಖ್ಯೆ ಅಳಿಸಿಹೋಗಿದ್ದರೆ ಎರಡು ಪುಲ್ಲಿಗಳ ಏರ್ಪಾಟಿನಲ್ಲಿ ಲೆಕ್ಕ ಹಾಕಬಹುದು. ಪುಲ್ಲಿಗಳ ಕೇಂದ್ರಗಳ ಅಂತರದ ಇಮ್ಮಡಿ. ಅದಕ್ಕೆ ಎರಡು ವ್ಯಾಸಗಳ ಮೊತ್ತದ 1.57 ಪಟ್ಟನ್ನು ಕೂಡಿಸಿ. ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಅಂತರದ ನಾಲ್ಮಡಿಯಿಂದ ಭಾಗಿಸಿ ಅದನ್ನೂ ಸೇರಿಸಿ. ವ್ಯಾಸವನ್ನು ಅಂಚಿನಲ್ಲಲ್ಲ, ತುಸು ಒಳಗೆ, ಬೆಲ್ಟಿನ ನೂಲೆಳೆಗಳು ಹಾಯುವ ಮಟ್ಟದಲ್ಲಿ ಹಿಡಿಯಬೇಕು. ಉದಾಹರಣೆಗೆ, ವ್ಯಾಸಗಳು 150 ಮತ್ತು 75, ಅಂತರ 300 ಮಿ.ಮೀ. ಆದರೆ 600, 353, 5 ಕೂಡಿ 958 ಮಿ.ಮೀ. ಬರುತ್ತದೆ. ‘ಎ’ ವರ್ಗದಲ್ಲಿ ಒಳಸುತ್ತಳತೆ ಇದಕ್ಕಿಂತ 36 ಮಿ.ಮೀ. ಕಡಮೆ, ಅಂದರೆ 922, ಅಂಗುಲದಲ್ಲಿ 36.3. ‘ಎ 36’ನ್ನು ಕೊಂಡರೆ ಉಳಿದ ಅಲ್ಪ ಅಂತರವನ್ನು ಆಲ್ಟರ್ನೇಟರನ್ನು ಸರಿಸಿ ಹೊಂದಿಸಬಹುದು.

ಉಳಿತಾಯಕ್ಕೂ ಎಲ್ಲೆಯುಂಟು. ‘ಎ’ ವರ್ಗದ ಸಾಧಾರಣ ಬೆಲ್ಟನ್ನು 75 ಮಿ.ಮೀ.ಗಿಂತ ಸಣ್ಣ ಪುಲ್ಲಿಗೆ ಸುತ್ತಬಾರದು. ಪ್ರತಿ ಸುತ್ತಿನಲ್ಲಿಯೂ ತೀರ ಬಾಗುವ ರಬ್ಬರು ಒಳಗೊಳಗೇ ಕಾದು ಬಿರಿಯುತ್ತದೆ. ಪುಲ್ಲಿ ಸಣ್ಣದಾದ ಕಡೆ, ಒಳಮೈಯಲ್ಲಿ ಕಚ್ಚುಗಳಿರುವ ಬೆಲ್ಟೇ ಬೇಕು. ಅದರ ಬೆಲೆ ತುಸು ಹೆಚ್ಚಾದರೂ ಬಾಳಿಕೆಯಲ್ಲಿ ಲಾಭವೇ. ಈಚಿನ ಎಂಜಿನ್ನುಗಳ ಚಪ್ಪಟೆ ಬೆಲ್ಟುಗಳಲ್ಲಿ ಉದ್ದಕ್ಕೂ ಗೆರೆಗಳಿರುತ್ತವೆ. ‘6 ಪಿಕೆ 1230’ ಎಂದರೆ ಆರು ಏಣುಗಳು, 1230 ಮಿ.ಮೀ. ಉದ್ದ. ಇವನ್ನೂ ಸಂಖ್ಯೆಯಿಂದಲೇ ಕೊಳ್ಳಬಹುದು. ಆದರೆ ಕವಾಟಗಳ ಕಾಲವನ್ನು ನಿಯಂತ್ರಿಸುವ ಹಲ್ಲಿನ ಬೆಲ್ಟಿಗೆ ಮಾತ್ರ ಬದಲಿಯನ್ನು ಹುಡುಕಬಾರದು. ಹಲವು ಎಂಜಿನ್ನುಗಳಲ್ಲಿ ಅದು ಹರಿದರೆ ಕವಾಟವೂ ಪಿಸ್ಟನ್ನೂ ಒಂದಕ್ಕೊಂದು ಬಡಿಯುತ್ತವೆ.

ಬೆಲ್ಟು ಪದೇಪದೇ ಹರಿಯುತ್ತಿದ್ದರೆ ಬೆಲ್ಟನ್ನು ಬಯ್ಯುವುದು ತರವಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿದ ತೋಡು ಉಪ್ಪುಕಾಗದದಂತೆ ಅದರ ಪಕ್ಕಗಳನ್ನು ಉಜ್ಜುತ್ತದೆ; ಎಣ್ಣೆ ತಾಗಿದರೆ ರಬ್ಬರು ಉಬ್ಬುತ್ತದೆ; ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲದಿದ್ದರೆ ಒಂದು ಪಕ್ಕ ಬೇಗ ಸವೆಯುತ್ತದೆ. ಎಂಜಿನ್ನು ನಿಂತಿರುವಾಗ, ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಸುಮಾರು 10 ಮಿ.ಮೀ. ಬಗ್ಗಬೇಕೆಂಬುದು ವಾಡಿಕೆಯ ನಿಯಮ. ಅತಿಬಿಗಿಯಾದರೆ ಬೇರಿಂಗು ಕೆಡುವುದು. ಸಡಿಲವಾದರೆ ಬೆಲ್ಟು ಜಾರುವುದು. ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲಿ ತುಸು ಹಿಗ್ಗುವುದರಿಂದ ಮತ್ತೊಮ್ಮೆ ಬಿಗಿ ಮಾಡಬೇಕು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೆಲ್ಟುಗಳನ್ನು ಪರೀಕ್ಷಿಸಲು ಇದೇ ಸಕಾಲ. ಹೊಸದನ್ನು ಎಂಜಿನ್ನಿಗೆ ಹಾಕಿ ಓಡಿಸಿ ನೋಡಿ, ಇನ್ನೂ ಗಟ್ಟಿಯಾಗಿರುವ ಹಳೆಯದನ್ನು ಬಿಡಿಯಾಗಿ ಇಟ್ಟುಕೊಳ್ಳುವುದು ಜಾಣತನ. ಹೊಸದರ ಅಳತೆ ದಡದಲ್ಲಿಯೇ ಖಚಿತವಾಗುತ್ತದೆ, ಹಳೆಯದು ಸರಿಹೊಂದುವುದಂತೂ ಮೊದಲೇ ಗೊತ್ತು. ಅದರೊಡನೆ ಹೊಸದೊಂದೂ ಇರಲಿ. ಬಿಡಿ ಬೆಲ್ಟುಗಳನ್ನು ಮೊಳೆಗೆ ತೂಗುಹಾಕದೆ, ಮಡಚದೆ, ಬಿಸಿಲು, ಎಣ್ಣೆ, ಶಾಖಗಳಿಂದ ದೂರವಾಗಿ ಚೀಲದಲ್ಲಿಡಬೇಕು. ಅವನ್ನು ಹಾಕಲು ಬೇಕಾದ ಸ್ಪ್ಯಾನರನ್ನೂ ಅದೇ ಚೀಲದಲ್ಲಿಟ್ಟು, ಬೆಲ್ಟಿನ ಸಂಖ್ಯೆಯನ್ನು ಎಂಜಿನ್ ಕೋಣೆಯ ಹಲಗೆಯ ಮೇಲೆ ಬಣ್ಣದಿಂದ ಬರೆದಿಡುವುದು ಒಳ್ಳೆಯದು. ಮುಂದಿನ ಬಾರಿ ಬೆಲ್ಟು ತರಲು ಅಂಗಡಿಗೆ ಹೋಗುವವರು ಯಾರೇ ಆಗಲಿ, ಸರಿಯಾದುದನ್ನೇ ಸರಿಯಾದ ಬೆಲೆಗೆ ತಂದಾರು.